ಡಿಕ್ಕಿಯಲ್ಲಿ ಕೂರುವ ಪೆಟ್ಟಿಗೆ: ಚಿಕ್ಕದಿರಲಿ, ಮುಚ್ಚಿದ್ದಿರಲಿ

ಉದ್ಯೋಗಕ್ಕೆಂದು ಕತಾರಿಗೆ ಬರುವ ನಮ್ಮ ತರುಣರಲ್ಲಿ ಅನೇಕರಿಗೆ ಇಲ್ಲಿ ದೊರೆಯುವ ಮೊದಲ ಸ್ವಂತ ಕೋಣೆಯೆಂದರೆ ಅವರ ಕಾರು. ಊರಿನಲ್ಲಿರುವ ತಂದೆತಾಯಿಗಳಿಗೆ ಈ ಮಾತು ವಿಚಿತ್ರವಾಗಿ ಕಾಣಬಹುದು. ಆದರೆ ಮೊದಲ ಕೆಲವು ವರ್ಷ ಬಹುತೇಕರ ವಾಸ ಹಂಚಿಕೊಂಡ ಕೋಣೆಯಲ್ಲಿ. ಒಂದು ಮಂಚದ ಮೇಲೆ ರಾತ್ರಿ ಪಾಳಿ ಮುಗಿಸಿ ಬಂದವನು ಮಲಗಿರುತ್ತಾನೆ. ಇನ್ನೊಂದರ ಮೇಲೆ ಬೆಳಗಿನ ನಾಲ್ಕಕ್ಕೆ ಏಳಬೇಕಾದವನು. ಅಲ್ಲಿ ಹಾಡು ಕೇಳಬೇಕಾದರೆ ಇಯರ್‌ಫೋನು ಬೇಕು. ಮನೆಗೆ ಫೋನು ಮಾಡಬೇಕಾದರೆ ಮೆಟ್ಟಿಲಿಗೆ ಹೋಗಬೇಕು. ಚಾಲನಾ ಪರವಾನಗಿ ಕೈಗೆ ಬಂದು, ಕಂತಿನ ಮೇಲೆ ಹಳೆಯ ಕಾರೊಂದನ್ನು ಕೊಂಡ ದಿನ ಅವನಿಗೆ ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಜಾಗ ಸಿಕ್ಕಂತಾಗುತ್ತದೆ. ಆ ಬಾಗಿಲಿನೊಳಗೆ ಅವನು ಮೊದಲು ಮಾಡುವ ಕೆಲಸ ಕನ್ನಡ ಹಾಡು ಹಾಕುವುದು.

ದೋಹಾದಿಂದ ಉತ್ತರಕ್ಕೆ ರಾಸ್ ಲಫಾನ್‌ನ ಅನಿಲ ಸ್ಥಾವರಗಳಿಗೆ ಸುಮಾರು 80 ಕಿಲೋಮೀಟರ್. ದಕ್ಷಿಣಕ್ಕೆ ಮೆಸಯೀದ್‌ಗೆ ಅದರ ಅರ್ಧ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೇರ ರಸ್ತೆ, ಎರಡೂ ಬದಿಗೆ ಮರಳು. ಆ ಎರಡು ಗಂಟೆಗಳ ಸಂಗಾತಿಯಾದ ಸಂಗೀತಕ್ಕೆ ಸ್ವಲ್ಪ ಹಣ ಖರ್ಚು ಮಾಡುವವನನ್ನು ನಾನು ದುಂದುಗಾರನೆನ್ನಲಾರೆ. ನನ್ನ ಆಕ್ಷೇಪ ಅದು ಹೇಗೆ ಖರ್ಚಾಗುತ್ತದೆ ಎಂಬುದರ ಬಗ್ಗೆ. ಇಂಡಸ್ಟ್ರಿಯಲ್ ಏರಿಯಾದ ಅಂಗಡಿ ಸಾಲುಗಳಿಗೆ ಹೋಗಿ, ಡಿಕ್ಕಿಯನ್ನು ಪೂರಾ ನುಂಗುವ ದೊಡ್ಡ ಸಬ್‌ವೂಫರ್ ಪೆಟ್ಟಿಗೆ ಕೂರಿಸಿಕೊಂಡು ಬರುವುದು ಒಂದು ರೂಢಿಯಾಗಿದೆ. ನಮ್ಮವರ ಕಾರ್ಯಕ್ರಮಗಳಲ್ಲಿ ಹಿರಿಯರು ನನ್ನ ಬಳಿ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತೆತ್ತಿದರೆ, ಕಿರಿಯರು ಕೊಂಚ ಸಂಕೋಚದಿಂದ, "ಡಾಕ್ಟ್ರೇ, ಯಾವ ಬಾಕ್ಸ್ ಹಾಕಿಸೋದು ಒಳ್ಳೇದು?" ಎಂದು ಕೇಳುವುದುಂಟು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿಗೆ ಬರುವ ಹತ್ತರಲ್ಲಿ ಒಂಬತ್ತು ಮಂದಿಗೆ ಹತ್ತು ಇಂಚಿನ ಒಂದು ಸಬ್‌ವೂಫರ್, ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆ ಸಾಕು. ಇನ್ನು ಕಾರಣಗಳಿಗೆ ಬರೋಣ.

ವೈದ್ಯನಿಗೇಕೆ ಈ ಉಸಾಬರಿ ಎಂದು ಓದುಗರು ಕೇಳಬಹುದು. ಪೆಟ್ಟಿಗೆ ಮತ್ತು ಅದರೊಳಗಿನ ಗಾಳಿಯ ಸದ್ದು ನಮ್ಮ ವೃತ್ತಿಗೆ ಹೊಸದಲ್ಲ. ಎದೆಯನ್ನು ಬೆರಳಿನಿಂದ ತಟ್ಟಿ ಒಳಗೆ ನೀರಿದೆಯೇ, ಗಾಳಿಯಿದೆಯೇ ಎಂದು ತಿಳಿಯುವ ವಿಧಾನವನ್ನು 1761ರಲ್ಲಿ ಪ್ರಕಟಿಸಿದವನು ಆಸ್ಟ್ರಿಯಾದ ವೈದ್ಯ ಲಿಯೊಪೋಲ್ಡ್ ಔಯೆನ್‌ಬ್ರುಗ್ಗರ್. ಅವನ ತಂದೆ ವಸತಿಗೃಹ ನಡೆಸುತ್ತಿದ್ದನು; ಪೀಪಾಯಿಯನ್ನು ತಟ್ಟಿ ಮದ್ಯ ಎಷ್ಟು ಉಳಿದಿದೆಯೆಂದು ನೋಡುತ್ತಿದ್ದುದೇ ಮಗನಿಗೆ ಪ್ರೇರಣೆಯಾಯಿತೆಂದು ಹೇಳುತ್ತಾರೆ. ನಮ್ಮ ಸ್ಟೆತಾಸ್ಕೋಪಿನಲ್ಲಿಯೂ ಪೊರೆಯ ಬದಿ ಮೇಲುಸ್ಥಾಯಿಯ ಸದ್ದಿಗೆ, ಗಂಟೆಯಾಕಾರದ ಬದಿ ಕೆಳಸ್ಥಾಯಿಯ ಸದ್ದಿಗೆ. ಹೃದಯದ ಮೈಟ್ರಲ್ ಕವಾಟ ಕಿರಿದಾದಾಗ ಉಂಟಾಗುವ ಗುಡುಗಿನಂತಹ ಮೆಲುಸದ್ದು ಗಂಟೆಯ ಬದಿಗೆ ಮಾತ್ರ ಚೆನ್ನಾಗಿ ಸಿಗುತ್ತದೆ. ಕೆಳಸ್ಥಾಯಿಯ ಸದ್ದನ್ನು ಹಿಡಿಯುವುದಕ್ಕೂ ಹೊರಡಿಸುವುದಕ್ಕೂ ಅದನ್ನು ಸುತ್ತುವರಿದ ಗಾಳಿಯನ್ನು ಹದಗೊಳಿಸಬೇಕೆಂಬುದು ಎರಡೂ ಕಡೆ ಒಂದೇ ಪಾಠ.

ಮೊದಲನೆಯದಾಗಿ, ಸಬ್‌ವೂಫರಿಗೆ ಪೆಟ್ಟಿಗೆ ಯಾಕೆ ಬೇಕು? ಅದರ ಶಂಕು ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ತೆಳುವಾಗುತ್ತದೆ. ಎರಡೂ ಅಲೆಗಳು ಒಂದನ್ನೊಂದು ಸಂಧಿಸಿದರೆ ಪರಸ್ಪರ ರದ್ದಾಗಿ ಕೆಳಸ್ಥಾಯಿಯೇ ಉಳಿಯುವುದಿಲ್ಲ. ಆದ್ದರಿಂದ ಹಿಂದಿನ ಅಲೆಯನ್ನು ಬೇರ್ಪಡಿಸಬೇಕು. ಅದನ್ನು ಪೂರ್ತಿ ಬಂಧಿಸಿಡುವುದು ಮುಚ್ಚಿದ ಪೆಟ್ಟಿಗೆ. ಒಂದು ಕೊಳವೆಯ ಮೂಲಕ ಹದಮಾಡಿ ಹೊರಬಿಡುವುದು ಕೊಳವೆಯುಳ್ಳ ಪೆಟ್ಟಿಗೆ. ಅಂಗಡಿಯವರು ಪೋರ್ಟೆಡ್ ಎನ್ನುವುದು ಇದನ್ನೇ. ಬ್ಯಾಂಡ್‌ಪಾಸ್ ಎಂಬ ಎರಡು ಕೋಣೆಗಳ ಪೆಟ್ಟಿಗೆಯೂ ಇದೆ. ಅದು ಕಿರಿದಾದ ಸ್ವರವ್ಯಾಪ್ತಿಯಲ್ಲಿ ಅಬ್ಬರಿಸುತ್ತದೆ, ಸಂಗೀತಪ್ರಿಯರಿಗೆ ಹೇಳಿದ್ದಲ್ಲ. ಡಿಕ್ಕಿಯನ್ನೇ ಪೆಟ್ಟಿಗೆಯಾಗಿಸುವ ಕ್ರಮಕ್ಕೆ ಕಾರಿನ ಹಿಂಭಾಗವನ್ನು ಕೊರೆಯಬೇಕಾಗುತ್ತದೆ. ಹೀಗೆ ಆಯ್ಕೆ ಮೊದಲ ಎರಡರ ನಡುವೆ ಉಳಿಯುತ್ತದೆ.

ಕೊಳವೆಯ ಪೆಟ್ಟಿಗೆಯ ಗುಟ್ಟು ನಮ್ಮ ಹೆಣ್ಣುಮಕ್ಕಳಿಗೆ ಬಾವಿಕಟ್ಟೆಯಿಂದಲೇ ಗೊತ್ತು. ಬಿಂದಿಗೆ ತುಂಬುತ್ತಾ ಬಂದಂತೆ ಅದರ ದನಿ ಏರುತ್ತದೆ. ಕಣ್ಣಿಟ್ಟು ನೋಡದೆಯೂ ತುಂಬಿತೆಂದು ತಿಳಿಯುತ್ತದೆ. ಒಳಗಿನ ಗಾಳಿ ಕಡಿಮೆಯಾದಷ್ಟೂ ಸ್ವರ ಮೇಲೆ, ಹೆಚ್ಚಿದಷ್ಟೂ ಕೆಳಗೆ. ಹೊಟ್ಟೆಯ ಗಾಳಿ ಸ್ಪ್ರಿಂಗಿನಂತೆ, ಕತ್ತಿನ ಗಾಳಿ ಅದಕ್ಕೆ ಕಟ್ಟಿದ ತೂಕದಂತೆ ವರ್ತಿಸುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಈ ಕಂಪನವನ್ನು ಶಾಸ್ತ್ರೀಯವಾಗಿ ವಿವರಿಸಿದನು. ಅವನೂ ಮೂಲತಃ ವೈದ್ಯನೇ. ಪೆಟ್ಟಿಗೆಗೆ ಇಂತಹ ಕತ್ತನ್ನು ಇಟ್ಟು ಹಿಂದಿನ ಅಲೆಯನ್ನು ಉಪಯೋಗಕ್ಕೆ ತರುವ ವಿಧಾನಕ್ಕೆ ಅಮೆರಿಕದ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದನು. ಚಿಕ್ಕ ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗಾಗಿ ಬಳಸುವ ಧ್ವನಿವರ್ಧಕವನ್ನು ಎಡ್ಗರ್ ವಿಲ್ಚರ್ 1954ರಲ್ಲಿ ರೂಪಿಸಿದನು. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ ಎಪ್ಪತ್ತರ ದಶಕದ ಆರಂಭದಲ್ಲಿ ಪ್ರಕಟಿಸಿದ ಲೇಖನಗಳಿಂದ ಇದೆಲ್ಲ ಊಹೆಯಿಂದ ಲೆಕ್ಕಕ್ಕೆ ಬಂದಿತು. ಇಂದು ಪ್ರತಿ ಉತ್ತಮ ಸಬ್‌ವೂಫರಿನ ಕೈಪಿಡಿಯಲ್ಲಿ ಅವರಿಬ್ಬರ ಹೆಸರಿನ ಅಂಕಿಗಳಿರುತ್ತವೆ.

ಕೊಳವೆಯ ಪೆಟ್ಟಿಗೆಯ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಅದೇ ಆಂಪ್ಲಿಫೈಯರಿನಿಂದ ಹೆಚ್ಚು ಸದ್ದು ಬೇಕೆನ್ನುವವನಿಗೆ ಅದೇ ಸರಿ. ದೀರ್ಘವಾಗಿ ಎಳೆಯುವ ಎಲೆಕ್ಟ್ರಾನಿಕ್ ಸಂಗೀತದ ಪ್ರಿಯರಿಗೂ ಅದು ಒಪ್ಪುತ್ತದೆ. ಆದರೆ ಅದಕ್ಕೆ ಮೂರು ದೋಷಗಳಿವೆ. ಅಳತೆ ತಪ್ಪಿದರೆ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತದೆ. ಕೊಳವೆ ಚಿಕ್ಕದಾದರೆ ಗಾಳಿ ಬುಸುಗುಟ್ಟುತ್ತದೆ. ಹದಮಾಡಿದ ಸ್ವರಕ್ಕಿಂತ ಕೆಳಗಿನ ಸದ್ದು ಬಂದಾಗ ಹಿಂದಿನ ಗಾಳಿಯ ಹಿಡಿತ ತಪ್ಪಿ ಶಂಕು ಮಿತಿಮೀರಿ ಚಲಿಸುತ್ತದೆ. ತೀರಾ ಕೆಳಗಿನ ಸದ್ದನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇಲ್ಲದಿದ್ದರೆ ಬೇಗ ಹಾಳಾಗುತ್ತದೆ.

ಮುಚ್ಚಿದ ಪೆಟ್ಟಿಗೆಯ ಪರವಾಗಿ ಕಾರೇ ಒಂದು ಸಾಕ್ಷಿ ಹೇಳುತ್ತದೆ. 50 ಹರ್ಟ್ಸ್ ಸದ್ದಿನ ಅಲೆಯ ಉದ್ದ ಸುಮಾರು 7 ಮೀಟರ್. ಕಾರಿನ ಒಳಭಾಗ ಅದರ ಅರ್ಧಕ್ಕಿಂತಲೂ ಕಡಿಮೆ. ಇಷ್ಟು ದೀರ್ಘವಾದ ಅಲೆಗೆ ಕಾರು ಒಂದು ಕೋಣೆಯಾಗಿರದೆ ಒತ್ತಡದ ಡಬ್ಬಿಯಾಗುತ್ತದೆ. ಸುಮಾರು 60 ಹರ್ಟ್ಸ್‌ಗಿಂತ ಕೆಳಗೆ ಹೋದಂತೆ ಒಳಗಿನ ಸದ್ದು ತಾನಾಗಿಯೇ ಬಲಗೊಳ್ಳುತ್ತದೆ. ಆದರ್ಶ ಸ್ಥಿತಿಯಲ್ಲಿ ಪ್ರತಿ ಅಷ್ಟಕಕ್ಕೆ 12 ಡೆಸಿಬೆಲ್‌ನಷ್ಟು. ಮುಚ್ಚಿದ ಪೆಟ್ಟಿಗೆಯ ಸದ್ದು ಕೆಳಗಿಳಿದಂತೆ ಕ್ಷೀಣಿಸುವುದೂ ಅಷ್ಟಕಕ್ಕೆ 12 ಡೆಸಿಬೆಲ್ ದರದಲ್ಲಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬಾಗಿಲು, ಗಾಜುಗಳ ಸೋರಿಕೆಯಿಂದ ಲೆಕ್ಕ ಇಷ್ಟು ಚೊಕ್ಕವಾಗಿ ಕೂಡುವುದಿಲ್ಲ, ಆದರೂ ಲಾಭ ನಿಜವಾದದ್ದು. ಕೊಳವೆಯ ಪೆಟ್ಟಿಗೆ ತನ್ನ ಹದದ ಸ್ವರದ ಕೆಳಗೆ 24 ಡೆಸಿಬೆಲ್ ದರದಲ್ಲಿ ಕುಸಿಯುತ್ತದೆ. ಕಾರಿನ ಸಹಾಯ ಅಲ್ಲಿ ಸಾಲದು, ಮೇಲೆ ಮಾತ್ರ ಬೇಡವಾದಷ್ಟು ಸೇರಿಕೊಳ್ಳುತ್ತದೆ. ಮನೆಯ ಹಜಾರದಲ್ಲಿ ಸೊಗಸಾಗಿ ಕೇಳಿಸುವ ಕೊಳವೆಯ ಪೆಟ್ಟಿಗೆ ಕಾರಿನಲ್ಲಿ ಗುಡುಗುವುದಕ್ಕೆ ಇದೇ ಕಾರಣ.

ನಾವು ಕೇಳುವ ಸಂಗೀತವೂ ಯೋಚಿಸಬೇಕಾದ ವಿಷಯ. ಸಬ್‌ವೂಫರಿನ ಕೆಲಸ ಸುಮಾರು 80 ಹರ್ಟ್ಸ್‌ಗಿಂತ ಕೆಳಗೆ. ಭಾವಗೀತೆ, ದಾಸರ ಪದ, ಹಳೆಯ ಚಿತ್ರಗೀತೆ, ಭಾಗವತರ ಹಾಡುಗಾರಿಕೆ ಇವುಗಳ ಜೀವಾಳ ಅದಕ್ಕಿಂತ ಬಹಳ ಮೇಲಿದೆ. ಇಲ್ಲಿ ಪೆಟ್ಟಿಗೆ ಮಾಡಬೇಕಾದದ್ದು ಮೃದಂಗದ ಎಡಬದಿಯ, ಮದ್ದಳೆಯ, ಡೊಳ್ಳಿನ ತುಂಬುದನಿಗೆ ನೆಲೆ ಒದಗಿಸುವುದಷ್ಟೇ. ಪೆಟ್ಟು ಬಿದ್ದಾಗ ನುಡಿದು, ಕೈ ಎತ್ತಿದಾಗ ನಿಲ್ಲುವ ಶಿಸ್ತು ಮುಚ್ಚಿದ ಪೆಟ್ಟಿಗೆಗೆ ಹೆಚ್ಚು. ವೀಣೆಯ ಕೊಡ ತಾನೇ ಹಾಡಬೇಕು; ಸಬ್‌ವೂಫರಿನ ಪೆಟ್ಟಿಗೆ ಮಾತ್ರ ತಾನು ಮೌನವಾಗಿರಬೇಕು. ಆದ್ದರಿಂದಲೇ ಅದರ ಗೋಡೆ ದಪ್ಪವಾಗಿ, ಬಿಗಿಯಾಗಿರಬೇಕು. 18 ಮಿಲಿಮೀಟರಿನ ಎಂಡಿಎಫ್ ಹಲಗೆ ಸಾಮಾನ್ಯ ಅಳತೆ.

ಈಗ ಕತಾರಿನ ಲೆಕ್ಕ. ಬೇಸಿಗೆಯಲ್ಲಿ ಹೊರಗಿನ ತಾಪ 45 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯಲ್ಲ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಆಗಸ್ಟ್, ಸೆಪ್ಟೆಂಬರಿನಲ್ಲಿ ಸಮುದ್ರದ ತೇವ ಸೇರಿಕೊಳ್ಳುತ್ತದೆ. ಎಂಡಿಎಫ್ ತೇವ ಹೀರಿ ಉಬ್ಬುವ ವಸ್ತು. ಹಲಗೆಯ ಅಂಚುಗಳಿಗೆ ಬಣ್ಣವನ್ನಾಗಲೀ ಅರಗನ್ನಾಗಲೀ ಬಳಿಯದೆ ಬರಿಯ ಜಮಖಾನೆ ಅಂಟಿಸಿ ಕೊಟ್ಟರೆ ಸಂದುಗಳು ಬಿರಿಯುತ್ತವೆ; ಗಾಳಿ ಸೋರುವ ಪೆಟ್ಟಿಗೆ ಯಾವ ವಿನ್ಯಾಸದ್ದೂ ಅಲ್ಲ. ಶಂಕುವಿನ ಅಂಚು ಫೋಮಿನದ್ದಾಗಿದ್ದರೆ ಈ ಶಾಖಕ್ಕೆ ಬೇಗ ಪುಡಿಯಾಗುತ್ತದೆ, ರಬ್ಬರಿನದ್ದನ್ನು ಆರಿಸಿ. ಮರಳುಗಾಳಿಯ ನುಣುಪಾದ ಧೂಳಿಗೆ ತೆರೆದ ಕೊಳವೆ ಒಂದು ಹೆದ್ದಾರಿ. ಕಾರಿನ ಬ್ಯಾಟರಿ ಇಲ್ಲಿ ಊರಿನಷ್ಟು ಕಾಲ ಬಾಳುವುದಿಲ್ಲ; ಎಂಜಿನ್ ನಿಲ್ಲಿಸಿ ದೊಡ್ಡ ಆಂಪ್ಲಿಫೈಯರ್ ನುಡಿಸಿದರೆ ಅದರ ಆಯುಸ್ಸು ಇನ್ನೂ ಕಡಿಮೆ.

ಜಾಗದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಗಲ್ಫಿನಲ್ಲಿ ಕಾರಿರುವವನು ತನ್ನ ಬಳಗಕ್ಕೆಲ್ಲ ವಿಮಾನ ನಿಲ್ದಾಣದ ಸಾರಥಿ. ರಜೆಗೆ ಹೊರಟ ಸ್ನೇಹಿತನ ಎರಡು ಸೂಟ್‌ಕೇಸು, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ. ಊರಿನಿಂದ ಬರುವ ಅತ್ತೆ ಮಾವನ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿಯ ಗಂಟು. ಒಳಅಳತೆ 40, 30, 20 ಸೆಂಟಿಮೀಟರ್ ಇರುವ ಮುಚ್ಚಿದ ಪೆಟ್ಟಿಗೆಯ ಗಾತ್ರ 24 ಲೀಟರ್. ಸಬ್‌ವೂಫರಿನ ದೇಹ ಆಕ್ರಮಿಸುವ ಸುಮಾರು 2 ಲೀಟರ್ ಕಳೆದರೆ 22. ಹತ್ತು ಇಂಚಿನ ಸಬ್‌ವೂಫರಿಗೆ ಅಷ್ಟು ಸಾಕಾಗುವುದುಂಟು. ಕೊಳವೆಯ ಪೆಟ್ಟಿಗೆಗೆ ಸಾಮಾನ್ಯವಾಗಿ ಅದರ ಇಮ್ಮಡಿ ಬೇಕು. ದಿನಬಳಕೆಯ ಕಾರಿನಲ್ಲಿ ಈ ವ್ಯತ್ಯಾಸವೆಂದರೆ ಒಂದು ಸೂಟ್‌ಕೇಸು ಒಳಗೋ ಹೊರಗೋ ಎಂಬ ವ್ಯತ್ಯಾಸ. ಬಿಡಿಚಕ್ರ ತೆಗೆಯಬೇಕಾದಾಗ ಪೆಟ್ಟಿಗೆಯನ್ನು ಒಬ್ಬನೇ ಎತ್ತಿಡಲು ಸಾಧ್ಯವಾಗಬೇಕು ಎಂಬುದನ್ನೂ ಮರೆಯಬಾರದು. ಮರುಭೂಮಿಯ ರಸ್ತೆಯ ಬದಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಅದು ಸಣ್ಣ ವಿಷಯವಲ್ಲ.

ಇಲ್ಲಿ ನಾವು ಯಾರೂ ಕಾಯಂ ನಿವಾಸಿಗಳಲ್ಲವೆಂಬುದೂ ಗಮನದಲ್ಲಿರಬೇಕು. ಒಂದು ದಿನ ಕೆಲಸ ಮುಗಿಯುತ್ತದೆ, ಕೆಲವೇ ವಾರಗಳಲ್ಲಿ ಕಾರು ಮಾರಬೇಕಾಗುತ್ತದೆ. ಕೊಳ್ಳುವವನಿಗೆ ಬೇಕಾದದ್ದು ಕಂಪನಿಯಿಂದ ಬಂದ ಹಾಗೆಯೇ ಇರುವ ಗಾಡಿ. ತಂತಿ ಕತ್ತರಿಸಿದ, ಡಿಕ್ಕಿ ಕೊರೆದ ಕಾರಿಗೆ ಬೆಲೆ ಇಳಿಯುತ್ತದೆ. ಹಳೆಯ ಗಾಡಿಗಳನ್ನು ನೋಂದಣಿ ನವೀಕರಣಕ್ಕೆ ಮುನ್ನ ಫಾಹೆಸ್ ತಪಾಸಣೆಗೆ ಒಯ್ಯಬೇಕು. ಗಾಡಿಯಲ್ಲಿ ಯಾವುದೇ ಬದಲಾವಣೆ ಮಾಡಿಸುವ ಮುನ್ನ ಅದಕ್ಕೆ ಅನುಮತಿ ಬೇಕೇ ಎಂದು ಸಂಚಾರ ಇಲಾಖೆಯಲ್ಲಿ ವಿಚಾರಿಸುವುದು ಕ್ಷೇಮ. ಬೆಲ್ಟಿನಿಂದ ಬಿಗಿದು, ಪ್ಲಗ್ ಕಳಚಿ ಐದು ನಿಮಿಷದಲ್ಲಿ ಹೊರತೆಗೆಯಬಹುದಾದ ಚಿಕ್ಕ ಪೆಟ್ಟಿಗೆ ಈ ಅಸ್ಥಿರ ಬದುಕಿಗೆ ಹೊಂದಿಕೊಳ್ಳುತ್ತದೆ.

ಅಂಗಡಿಗೆ ಹೋಗುವವರು ಮೊದಲು ಕೈಪಿಡಿಯನ್ನು ಕೇಳಿ. ಅದರಲ್ಲಿ ಎಫ್‌ಎಸ್ ಎಂಬ ಅಂಕಿಯನ್ನು ಕ್ಯೂಇಎಸ್ ಎಂಬ ಅಂಕಿಯಿಂದ ಭಾಗಿಸಿ. ಉತ್ತರ 50ರ ಆಸುಪಾಸಿನಲ್ಲಿ ಅಥವಾ ಕೆಳಗಿದ್ದರೆ ಆ ಸಬ್‌ವೂಫರ್ ಮುಚ್ಚಿದ ಪೆಟ್ಟಿಗೆಗೆ ಹುಟ್ಟಿದ್ದು. 100ರ ಆಸುಪಾಸಿನಲ್ಲಿದ್ದರೆ ಕೊಳವೆಗೆ. ಉದಾಹರಣೆಗೆ ಎಫ್‌ಎಸ್ 28, ಕ್ಯೂಇಎಸ್ 0.56 ಆದರೆ ಉತ್ತರ 50. ಅನಂತರ ಗಾತ್ರ. ವಿಎಎಸ್ ಎಂಬ ಅಂಕಿಯನ್ನು ಪೆಟ್ಟಿಗೆಯ ಲೀಟರಿನಿಂದ ಭಾಗಿಸಿ, ಒಂದನ್ನು ಕೂಡಿಸಿ, ವರ್ಗಮೂಲ ತೆಗೆದು, ಕ್ಯೂಟಿಎಸ್‌ನಿಂದ ಗುಣಿಸಿ. ಉತ್ತರ 0.7ರ ಸಮೀಪವಿದ್ದರೆ ಸದ್ದು ಸಮತೋಲದಲ್ಲಿರುತ್ತದೆ. 1ನ್ನು ದಾಟಿದರೆ ಗುಂಯ್‌ಗುಡುತ್ತದೆ. ವಿಎಎಸ್ 22, ಪೆಟ್ಟಿಗೆ 22 ಲೀಟರ್, ಕ್ಯೂಟಿಎಸ್ 0.5 ಇದ್ದರೆ ಉತ್ತರ ಸುಮಾರು 0.7. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾದ ಸಾವಿರಾರು ವಾಟ್ ಕ್ಷಣಮಾತ್ರದ ಗರಿಷ್ಠ ಸಂಖ್ಯೆ. ನೋಡಬೇಕಾದದ್ದು ಆರ್‌ಎಂಎಸ್ ಎಂಬ ಅಂಕಿ. ಬ್ಯಾಟರಿಯಿಂದ ಹೊರಡುವ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು. ಇದರಲ್ಲಿ ಚೌಕಾಸಿ ಮಾಡಿದವರು ಬೆಂಕಿಯೊಡನೆ ಚೌಕಾಸಿ ಮಾಡಿದಂತೆ.

ಇನ್ನು ನನ್ನ ವೃತ್ತಿಯ ಮಾತು. ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತ ಆಲಿಸುವಿಕೆಗೆ ಹಾಕಿರುವ ಎಲ್ಲೆ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಕಾಲಾವಕಾಶ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಸಿಗುವ ಹೆಚ್ಚಳವೂ ಅದೇ 3 ಡೆಸಿಬೆಲ್. ಅಂದರೆ ಇಮ್ಮಡಿ ಶಕ್ತಿಯನ್ನು ಪೂರ್ತಿ ಬಳಸುವವನು ತನ್ನ ಕಿವಿಯ ಸುರಕ್ಷಿತ ಅವಧಿಯನ್ನು ಅರ್ಧಕ್ಕೆ ಇಳಿಸಿಕೊಳ್ಳುತ್ತಾನೆ. ರಾಸ್ ಲಫಾನ್‌ಗೆ ದಿನವೂ ಹೋಗಿಬರುವವನು ವಾರಕ್ಕೆ ಐದು ದಿನ, 10 ಗಂಟೆ ಕಾರಿನಲ್ಲಿರುತ್ತಾನೆ. ಅವನ ಎಲ್ಲೆ 86 ಡೆಸಿಬೆಲ್. ಸ್ಥಾವರದ ಯಂತ್ರಗಳ ಸದ್ದಿನಲ್ಲಿ ದುಡಿಯುವವನಿಗೆ ಅದೂ ಹೆಚ್ಚೇ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಅದಕ್ಕೆ ನನ್ನ ಬಳಿಯಾಗಲೀ ಬೇರೆ ಯಾವ ವೈದ್ಯರ ಬಳಿಯಾಗಲೀ ಔಷಧವಿಲ್ಲ. ಥೊರಾಕ್ಸ್ ಎಂಬ ವೈದ್ಯಕೀಯ ಪತ್ರಿಕೆ 2004ರಲ್ಲಿ ಅಬ್ಬರದ ಸಂಗೀತದ ನಡುವೆ ಶ್ವಾಸಕೋಶ ಕುಸಿದ ಕೆಲವು ರೋಗಿಗಳನ್ನು ವರದಿ ಮಾಡಿತ್ತು. ಅವರಲ್ಲೊಬ್ಬನು ತನ್ನ ಕಾರಿನಲ್ಲಿ 1000 ವಾಟ್ ಪೆಟ್ಟಿಗೆ ಇರಿಸಿಕೊಂಡಿದ್ದ ತರುಣ. ಇದು ಅತ್ಯಂತ ವಿರಳ, ಹೆದರಬೇಕಾಗಿಲ್ಲ. ಆದರೆ ಹಿಂದಿನಿಂದ ಬರುವ ಆಂಬುಲೆನ್ಸಿನ ಸೈರನ್ ಕೇಳಿಸದಿರುವುದು ವಿರಳವಲ್ಲ. ಅದರೊಳಗೆ ಮಲಗಿರುವವನಿಗೆ ಪ್ರತಿಯೊಂದು ನಿಮಿಷವೂ ಬೆಲೆಯುಳ್ಳದ್ದು.

ಇದರ ಇನ್ನೊಂದು ಮುಖವನ್ನೂ ಹೇಳುವುದು ನ್ಯಾಯ. ಸದ್ದು ಕಡಿಮೆ ಮಾಡಿದಾಗ ನಮ್ಮ ಕಿವಿಗೆ ಮೊದಲು ಮರೆಯಾಗುವುದು ಕೆಳಸ್ಥಾಯಿ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು. ಅದನ್ನು ಮರಳಿ ಪಡೆಯಲೆಂದೇ ಅನೇಕರು ಇಡೀ ಹಾಡಿನ ಸದ್ದನ್ನು ಏರಿಸುತ್ತಾರೆ. ಮಿತವಾದ ಒಂದು ಸಬ್‌ವೂಫರ್ ಇದ್ದರೆ ಕಡಿಮೆ ಸದ್ದಿನಲ್ಲೇ ಹಾಡು ತುಂಬಿದಂತೆ ಕೇಳಿಸುತ್ತದೆ. ಹೀಗೆ ಬಳಸಿದಾಗ ಪೆಟ್ಟಿಗೆ ಕಿವಿಯ ವೈರಿಯಾಗದೆ ಮಿತ್ರನಾಗುತ್ತದೆ. ಆದ್ದರಿಂದ ಸಬ್‌ವೂಫರೇ ಬೇಡವೆಂದು ನಾನು ಯಾರಿಗೂ ಹೇಳುವುದಿಲ್ಲ.

ಕೆಳಸ್ಥಾಯಿಯ ಸದ್ದು ಗೋಡೆಗೂ ಗಾಜಿಗೂ ಸುಲಭವಾಗಿ ನಿಲ್ಲುವುದಿಲ್ಲ. ರಾತ್ರಿ ಹನ್ನೊಂದಕ್ಕೆ ವಸತಿ ಕಟ್ಟಡದ ಕೆಳಗೆ ಬಂದು ನಿಂತ ಕಾರಿನ ಹಾಡಿನ ಮಾತು ಮೂರನೆಯ ಮಹಡಿಗೆ ತಲುಪದು, ಗುದ್ದು ಮಾತ್ರ ತಲುಪುತ್ತದೆ. ಅಲ್ಲಿ ಮಲಗಿರುವವರು ಬೆಳಗಿನ ಪಾಳಿಯ ದಾದಿ, ಬಸ್ ಚಾಲಕ, ಕಟ್ಟಡ ಕಾರ್ಮಿಕ. ಬಹುಶಃ ನಮ್ಮ ಜಿಲ್ಲೆಯವರೇ. ನಮ್ಮ ದೇಶದಲ್ಲಿ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಮೆರವಣಿಗೆಯ ಡಿಜೆ ಅಬ್ಬರದಲ್ಲಿ ಆ ಮಿತಿ ಏನಾಗುತ್ತದೆಂದು ಎಲ್ಲರೂ ಬಲ್ಲರು. ಆ ಅಭ್ಯಾಸವನ್ನು ವಿಮಾನ ಹತ್ತಿಸಿಕೊಂಡು ಬರಬಾರದು. ಇಲ್ಲಿ ನಾವು ಅತಿಥಿಗಳು. ಅತಿಥಿಯ ದನಿ ಮನೆಯವರ ನಿದ್ದೆ ಕೆಡಿಸುವಷ್ಟಾಗಬಾರದು.

ಮೊದಲ ಸಂಬಳ ಎಣಿಸುತ್ತಿರುವ, ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ಕಿರಿಯರಿಗೆ ನನ್ನ ಸಲಹೆ ಇಷ್ಟು: ಮೊದಲ ಆರು ತಿಂಗಳು ಕಾರಿನೊಡನೆ ಬಂದ ಸ್ಪೀಕರಿನಲ್ಲೇ ಕೇಳಿ. ಊರಿನ ಸಾಲ ಒಂದಿಷ್ಟು ತೀರಲಿ. ಆಮೇಲೂ ಬೇಕೆನಿಸಿದರೆ ಒಂದು ಪೆಟ್ಟಿಗೆ ಹಾಕಿಸಿ. ಅದು ಚಿಕ್ಕದಿರಲಿ, ಮುಚ್ಚಿದ್ದಿರಲಿ, ಬಿಚ್ಚಿ ತೆಗೆಯುವಂತಿರಲಿ. ಊರಿನಲ್ಲಿರುವ ಹಿರಿಯರಲ್ಲಿಯೂ ಒಂದು ವಿನಂತಿ. ಮಗ ಕಾರಿಗೆ ಹಾಡಿನ ಪೆಟ್ಟಿಗೆ ಹಾಕಿಸಿದನೆಂದರೆ ಗದರಬೇಡಿ. ಆ ರಸ್ತೆಯಲ್ಲಿ ಅವನಿಗೆ ಮನೆಯ ಭಾಷೆ ಕೇಳಿಸುವುದು ಅಲ್ಲಿಂದಲೇ. ಆದರೆ ಫೋನಿನಲ್ಲಿ ಅವನು ಮೊದಲಿಗಿಂತ ಗಟ್ಟಿಯಾಗಿ ಮಾತನಾಡತೊಡಗಿದರೆ, "ಏನಂದ್ರಿ ಅಮ್ಮಾ?" ಎಂದು ಮತ್ತೆ ಮತ್ತೆ ಕೇಳತೊಡಗಿದರೆ, ಕಿವಿಯಲ್ಲಿ ಜೀರುಂಡೆಯಂತೆ ಸದ್ದು ಬರುತ್ತದೆಂದು ಹೇಳಿದರೆ, ಅದನ್ನು ಲೈನಿನ ದೋಷವೆಂದು ಬಿಟ್ಟುಬಿಡಬೇಡಿ. ಕಿವಿಯ ಪರೀಕ್ಷೆ ಮಾಡಿಸಿಕೊಳ್ಳುವಂತೆ ಹೇಳಿ. ಜೊತೆಯಲ್ಲಿ ದುಡಿಯುವವರಿಗಿಂತ ಮೊದಲು ಅವನ ದನಿಯಲ್ಲಿನ ಬದಲಾವಣೆಯನ್ನು ಗುರುತಿಸಬಲ್ಲವರು ನೀವೇ.